ಒರೆಯಲ್ಲ, ಒಡ್ಡು

ಸದಾಶಿವಗಡದ ಗುಡ್ಡದ ಬುಡದಲ್ಲಿ, ಚಿತ್ತಾಕುಲದ ಮಗ್ಗುಲಲ್ಲೇ ಕಾಳಿ ನದಿ ಕಡಲು ಸೇರುತ್ತದೆ. ಜೋಯಿಡಾ ತಾಲೂಕಿನ ಡಿಗ್ಗಿಯ ಕಡೆಯಿಂದ ಹೊರಟು ಸುಮಾರು 184 ಕಿಲೋಮೀಟರ್ ಹರಿದು ಬಂದ ನೀರು ಎಲ್ಲಿಯವರೆಗೆ ನದಿ, ಎಲ್ಲಿಂದ ಮುಂದೆ ಕಡಲು ಎಂದು ಬೆರಳಿಟ್ಟು ತೋರಿಸಲಾಗದು. ಮಳೆಗಾಲದಲ್ಲಿ ಸಿಹಿನೀರು ಅಳಿವೆಯ ಬಾಯಿಯವರೆಗೂ ಒತ್ತಿಕೊಂಡು ಬರುತ್ತದೆ. ಬೇಸಿಗೆಯಲ್ಲಿ ಉಬ್ಬರದ ಜೊತೆ ಉಪ್ಪು ಒಳನಾಡಿನತ್ತ ಏರುತ್ತದೆ. ಗೆರೆಯೇ ನಿಲ್ಲದ ಇಂಥ ನೆಲದಲ್ಲೂ ಈ ಕರಾವಳಿಯ ರೈತರು ತಲೆಮಾರುಗಳಿಂದ ಗೆರೆ ಕಾಯ್ದುಕೊಂಡು ಬಂದಿದ್ದಾರೆ. ಕಾರವಾರ, ಅಂಕೋಲಾ, ಕುಮಟಾ ಕಡೆಯ ಅಳಿವೆಗಳ ಪಕ್ಕದ ಗಜನಿ ಗದ್ದೆಗೆ ಮಣ್ಣಿನ ಒಡ್ಡು, ಒಡ್ಡಿಗೆ ಹಲಗೆಯ ಬಾಗಿಲು. ಮಳೆಗಾಲದಲ್ಲಿ ಆ ಬಾಗಿಲು ಉಪ್ಪುನೀರನ್ನು ತಡೆದು ಮಳೆಯ ನೀರನ್ನು ಹೊರಬಿಡುತ್ತದೆ, ಒಳಗೆ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಅದೇ ಬಾಗಿಲಿನಿಂದ ಉಬ್ಬರದ ನೀರು ಒಳಗೆ ಬರುತ್ತದೆ, ಅದರೊಂದಿಗೆ ಸಿಗಡಿ ಮತ್ತು ಮೀನು. ಒಡ್ಡು ಕಿತ್ತುಹೋದರೆ ಗದ್ದೆ ಕಡಲಿನ ಪಾಲು. ಬಾಗಿಲನ್ನು ಶಾಶ್ವತವಾಗಿ ಮುಚ್ಚಿದರೆ ಗದ್ದೆ ಕೊಳೆತ ಕೆರೆ. ಗದ್ದೆ ಗದ್ದೆಯಾಗಿ ಉಳಿಯುವುದು ಬಾಗಿಲು ಕಾಯುವ ಕೆಲಸ ನಡೆಯುವವರೆಗೆ ಮಾತ್ರ. ಜೀವಕೋಶದ ಬಗ್ಗೆ ಕಳೆದ ಮುನ್ನೂರೈವತ್ತು ವರ್ಷಗಳಲ್ಲಿ ತಿಳಿದುಬಂದುದನ್ನು ಈ ಒಡ್ಡಿನ ಮೇಲೆ ನಿಂತು ನೋಡಿದರೆ, ಧರ್ಮಗಳು ಕೇಳುತ್ತ ಬಂದ ಒಂದು ಹಳೆಯ ಪ್ರಶ್ನೆಗೆ ಹೊಸ ಬೆಳಕು ಬೀಳುತ್ತದೆ ಎಂಬುದು ನನ್ನ ವಾದ. ಆ ಪ್ರಶ್ನೆ ಇದು: ಜೀವವೆಂಬುದು ದೇಹದೊಳಗೆ ಇಟ್ಟ ಒಂದು ವಸ್ತುವೇ?

ನಾವು ಬಳಸುವ ಪದವೇ ಈ ಪ್ರಶ್ನೆಯನ್ನು ಹೊತ್ತುಕೊಂಡಿದೆ. ಕೋಶವೆಂದರೆ ಕತ್ತಿಯ ಒರೆ, ಭಂಡಾರ, ಮೊಗ್ಗು, ರೇಷ್ಮೆಹುಳುವಿನ ಗೂಡು. ಜೀವಕೋಶ ಎಂದೊಡನೆ ಜೀವವೆಂಬ ಕತ್ತಿಯನ್ನು ಒಳಗಿಟ್ಟುಕೊಂಡ ಒರೆಯೊಂದು ಮನಸ್ಸಿನಲ್ಲಿ ಮೂಡುತ್ತದೆ. ವೇದಾಂತದ ಪರಿಚಯ ಇರುವವರಿಗೆ ಅನ್ನಮಯ, ಪ್ರಾಣಮಯ, ಮನೋಮಯ, ವಿಜ್ಞಾನಮಯ, ಆನಂದಮಯ ಎಂಬ ಐದು ಕೋಶಗಳ ನೆನಪಾಗುತ್ತದೆ. ಶೃಂಗೇರಿಯ ವಿದ್ಯಾರಣ್ಯರ ಹೆಸರಿನಲ್ಲಿ ಪ್ರಸಿದ್ಧವಾದ, 14ನೇ ಶತಮಾನದ ‘ಪಂಚದಶಿ’ಯಲ್ಲಿ ಪಂಚಕೋಶ ವಿವೇಕ ಎಂದೇ ಒಂದು ಪ್ರಕರಣವಿದೆ. ಒಂದೊಂದೇ ಹೊದಿಕೆಯನ್ನು ಬುದ್ಧಿಯಿಂದ ಕಳಚಿ ಒಳಗಿನದನ್ನು ಅರಿಯುವುದು ಅಲ್ಲಿನ ಸಾಧನೆ. ಕಠೋಪನಿಷತ್ತಿನಲ್ಲೂ ಮುಂಜ ಹುಲ್ಲಿನಿಂದ ಒಳದಂಟನ್ನು ಬಿಡಿಸಿಕೊಳ್ಳುವ ಹೋಲಿಕೆ ಬರುತ್ತದೆ. ಅತ್ತ ಯುರೋಪಿನಲ್ಲಿ 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳು ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಕಂಡ ಪುಟ್ಟ ಪುಟ್ಟ ಗೂಡುಗಳಿಗೆ ಚಿಕ್ಕ ಕೋಣೆ ಎಂಬರ್ಥದ ಹೆಸರಿಟ್ಟ. ಸನ್ಯಾಸಿಗಳು ಒಂಟಿಯಾಗಿರುವ ಕೋಣೆಗೂ ಅಲ್ಲಿ ಅದೇ ಹೆಸರು. ಆದರೆ ಹುಕ್ ಕಂಡದ್ದು ಸತ್ತ ಅಂಗಾಂಶವನ್ನು. ಬದುಕು ಬಿಟ್ಟುಹೋದ ಮೇಲೆ ಉಳಿದ ಗೋಡೆಗಳನ್ನು. ಎರಡು ನಾಡುಗಳ ಎರಡು ಪದಗಳು ತಿಳಿಯದೆಯೇ ಒಂದೇ ಚಿತ್ರದಲ್ಲಿ ಕೂಡಿಕೊಂಡಿವೆ: ಪಾತ್ರೆ ಬೇರೆ, ಪಾತ್ರೆಯೊಳಗಿನದು ಬೇರೆ. ಈ ಚಿತ್ರ ಸರಿಯೆಂದಾದರೆ ದೇಹದ ಬಗ್ಗೆ, ಸಂಬಂಧಗಳ ಬಗ್ಗೆ, ಮುಕ್ತಿಯ ಬಗ್ಗೆ ಎಷ್ಟೋ ಮಾತುಗಳು ಅದರ ಹಿಂದೆಯೇ ಬರುತ್ತವೆ. ಆದ್ದರಿಂದ ಅದನ್ನು ಪರೀಕ್ಷಿಸುವುದು ಬರೀ ಜೀವಶಾಸ್ತ್ರದ ಕೆಲಸವಾಗಿ ಉಳಿಯುವುದಿಲ್ಲ.

ಮೊದಲ ಸಾಕ್ಷಿ ಪೊರೆಯದು. ಜೀವಂತ ಕೋಶದ ಸುತ್ತ ಇರುವುದು ಗೋಡೆಗಿಂತ ತೀರ ಬೇರೆ ಬಗೆಯದು. ಎಣ್ಣೆಯ ಸ್ವಭಾವದ ಅಣುಗಳು ಎರಡು ಸಾಲಾಗಿ ನಿಂತ, ಸುಮಾರು 7 ನ್ಯಾನೋಮೀಟರ್ ದಪ್ಪದ ಪೊರೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅಂಥ ಏಳು ಭಾಗ. ಆ ಪೊರೆಯ ತುಂಬ ಪ್ರೋಟೀನುಗಳ ಬಾಗಿಲುಗಳು ಮತ್ತು ಪಂಪುಗಳು. ಕಾಳಿಯ ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳನ್ನೇ ನೋಡಿ. ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಸಾಮಾನ್ಯ ಗಿಡವನ್ನು ಕೊಲ್ಲಲು ಅದರಲ್ಲಿ ಸ್ವಲ್ಪವೇ ಸಾಕು. ರೈಜೋಫೊರ ಜಾತಿಯ ಕಾಂಡ್ಲಾ ಹೆಚ್ಚಿನ ಉಪ್ಪನ್ನು ಬೇರಿನಲ್ಲೇ ಹೊರಗುಳಿಸಿ ನೀರನ್ನು ಮಾತ್ರ ಎಳೆದುಕೊಳ್ಳುತ್ತದೆ. ಅವಿಸೆನ್ನಿಯ ಜಾತಿಯದು ಒಳಬಂದ ಉಪ್ಪನ್ನು ಎಲೆಯ ಮೇಲಿನ ಗ್ರಂಥಿಗಳಿಂದ ಹೊರಹಾಕುತ್ತದೆ. ಒಣ ಹವೆಯಲ್ಲಿ ಎಲೆಯ ಮೇಲೆ ಉಪ್ಪಿನ ಹರಳು ಕೂರುವುದು ಹಾಗೆ. ಉಳಿದ ಉಪ್ಪನ್ನು ಎಲೆಯ ಕೋಶ ತನ್ನ ರಸದಾನಿಯೊಳಗೆ ತಳ್ಳಿ ಬೀಗ ಹಾಕಿ, ರಸಾಯನ ಕ್ರಿಯೆಗಳು ನಡೆಯುವ ಕೋಶದ್ರವವನ್ನು ಅದರಿಂದ ಕಾಪಾಡುತ್ತದೆ. ಇದರಲ್ಲಿ ಪುಕ್ಕಟೆಯಾಗಿ ಆಗುವುದು ಯಾವುದೂ ಇಲ್ಲ. ಇಳಿಜಾರಿಗೆ ಎದುರಾಗಿ ನೀರೆತ್ತುವಂತೆ, ಪ್ರತಿ ಅಯಾನನ್ನು ತಳ್ಳಲೂ ಶಕ್ತಿ ಖರ್ಚಾಗುತ್ತದೆ. ಮನುಷ್ಯನ ಕೋಶದಲ್ಲೂ ಇದೇ ಕಥೆ: ಯೆನ್ಸ್ ಸ್ಕೂ 1957ರಲ್ಲಿ ವಿವರಿಸಿದ ಪಂಪು ಒಂದೊಂದು ಸಲಕ್ಕೆ ಮೂರು ಸೋಡಿಯಂ ಅಯಾನುಗಳನ್ನು ಹೊರಗೆ ದೂಡಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತದೆ. ನಾವು ನಿದ್ದೆಯಲ್ಲಿದ್ದಾಗಲೂ ಅದಕ್ಕೆ ಬಿಡುವಿಲ್ಲ. ಪಂಪು ನಿಂತರೆ ಕೋಶ ನೀರು ಕುಡಿದು ಊದಿಕೊಂಡು ಒಡೆಯುತ್ತದೆ. ಒಳಗು ಮತ್ತು ಹೊರಗು ಎಂಬ ಭೇದ ಒಮ್ಮೆ ಕಟ್ಟಿ ಮುಗಿಸಿದ ಕಟ್ಟಡವಾಗಿರದೆ ಪ್ರತಿ ಕ್ಷಣ ದುಡಿದು ಉಳಿಸಿಕೊಳ್ಳಬೇಕಾದ ಸ್ಥಿತಿ ಎಂಬುದು ಇಲ್ಲಿ ಕಾಣುವ ಸಂಗತಿ.

ಎರಡನೆಯ ಸಾಕ್ಷಿ ಒಳಗಿನ ಸಾಮಗ್ರಿಯದು. ಒರೆ ಹಳತಾದರೂ ಕತ್ತಿ ಅದೇ ಎನ್ನುವಂತೆ, ಪೊರೆ ಹೇಗಾದರೂ ಇರಲಿ, ಒಳಗೊಂದು ಬದಲಾಗದ ತಿರುಳಿದೆ ಎಂದುಕೊಳ್ಳಬಹುದು. 1930ರ ದಶಕದಲ್ಲಿ ರುಡಾಲ್ಫ್ ಶೋನ್‌ಹೈಮರ್ ಗುರುತು ಹಚ್ಚಿದ ಪರಮಾಣುಗಳಿರುವ ಆಹಾರವನ್ನು ಪ್ರಾಣಿಗಳಿಗೆ ತಿನ್ನಿಸಿ ನೋಡಿದರು. ತಿಂದದ್ದು ಉರುವಲಿನಂತೆ ಉರಿದು ಹೋಗುತ್ತದೆ, ದೇಹದ ಕಟ್ಟಡ ಹಾಗೇ ಇರುತ್ತದೆ ಎಂಬುದು ಆಗಿನ ನಂಬಿಕೆ. ಆದರೆ ಗುರುತಿನ ಪರಮಾಣುಗಳು ದೇಹದ ಪ್ರೋಟೀನಿನಲ್ಲೂ ಕೊಬ್ಬಿನಲ್ಲೂ ಸೇರಿಕೊಂಡಿದ್ದವು. ಹಳೆಯವು ಅಷ್ಟೇ ಪ್ರಮಾಣದಲ್ಲಿ ಹೊರಬಿದ್ದಿದ್ದವು. ಕಟ್ಟಡದ ಇಟ್ಟಿಗೆಗಳೇ ಸದಾ ಬದಲಾಗುತ್ತಿದ್ದವು. ಈ ಬದಲಾವಣೆ ಕೋಶದೊಳಗೆ ಹೇಗೆ ನಡೆಯುತ್ತದೆ ಎಂಬುದು ಆಮೇಲೆ ತಿಳಿಯಿತು. ಕೋಶಕೇಂದ್ರದಲ್ಲಿರುವ ಡಿಎನ್‌ಎಯ ಬರಹದ ಪ್ರತಿ ಹೊರಗೆ ಬರುತ್ತದೆ, ರೈಬೋಸೋಮುಗಳು ಅದನ್ನು ಓದಿ ಪ್ರೋಟೀನು ಹೆಣೆಯುತ್ತವೆ, ಗಾಲ್ಗಿ ಸಂಕೀರ್ಣ ಅವನ್ನು ತಿದ್ದಿ ವಿಳಾಸ ಹಚ್ಚಿ ಕಳಿಸುತ್ತದೆ. ಕ್ರಿಸ್ಟಿಯನ್ ಡ ಡ್ಯೂವ್ 1955ರಲ್ಲಿ ಹೆಸರಿಟ್ಟ ಲೈಸೋಸೋಮ್ ಹಳೆಯದನ್ನು ಜೀರ್ಣಿಸುತ್ತದೆ. ಕೋಶ ತನ್ನದೇ ಸವೆದ ಭಾಗಗಳನ್ನು ಸುತ್ತಿ ಲೈಸೋಸೋಮಿಗೆ ಒಪ್ಪಿಸುವ ಸ್ವಭಕ್ಷಣದ ಕ್ರಮವನ್ನು ಬಿಡಿಸಿದ್ದಕ್ಕೆ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಬದುಕಿಡೀ ಉಳಿಯುವ ನರಕೋಶಗಳಲ್ಲೂ ಪೊರೆ ಮತ್ತು ಪ್ರೋಟೀನುಗಳ ಹೆಚ್ಚಿನ ಪಾಲು ಹೊಸದಾಗುತ್ತಲೇ ಇರುತ್ತದೆ. ಊರಿನ ಕಥೆಯೂ ಹೀಗೆಯೇ. 16ನೇ ಶತಮಾನದ ಪೋರ್ಚುಗೀಸರು ಸಿಂತಾಕೋರ ಎಂದು ಬರೆದುಕೊಂಡ ಚಿತ್ತಾಕುಲ ಬಿಜಾಪುರ, ಸೋಂದೆ, ಪೋರ್ಚುಗಲ್, ಹೈದರಾಲಿ, ಇಂಗ್ಲಿಷರ ಕೈಗಳನ್ನು ದಾಟಿಯೂ ಚಿತ್ತಾಕುಲವಾಗಿಯೇ ಇದೆ. ಅಂದಿನ ಒಬ್ಬ ನಿವಾಸಿಯೂ ಇಂದು ಅಲ್ಲಿಲ್ಲ. ಅದನ್ನು ಊರಾಗಿ ಉಳಿಸಿದ್ದು ಬದಲಾಗದ ಯಾವ ಕಲ್ಲೂ ಅಲ್ಲ, ಮುರಿಯದೆ ನಡೆದುಬಂದ ಬಾಳುವೆ. ಶರಣರು ಸ್ಥಾವರ ಮತ್ತು ಜಂಗಮ ಎಂದು ಎರಡನ್ನು ಬೇರೆ ಮಾಡಿ ಜಂಗಮವನ್ನು ಹಿಡಿದರು. ಕೋಶ ಆ ಅರ್ಥದಲ್ಲಿ ಜಂಗಮ.

ಮೂರನೆಯ ಸಾಕ್ಷಿ ಎಲ್ಲಕ್ಕಿಂತ ಆಳದ್ದು. ನಮ್ಮ ಉಸಿರಿನ ಆಮ್ಲಜನಕ ಕೊನೆಗೆ ತಲುಪುವುದು ಮೈಟೋಕಾಂಡ್ರಿಯ ಎಂಬ ಕಣದಂಗವನ್ನು. ಅಲ್ಲಿ ಆಹಾರದಿಂದ ಬಂದ ಶಕ್ತಿ ಪೊರೆಯೊಂದರ ಆಚೆಗೆ ಪ್ರೋಟಾನುಗಳನ್ನು ಒಟ್ಟುಹಾಕುತ್ತದೆ. ಅವು ಹಿಂದಿರುಗಿ ಹರಿಯುವಾಗ ಪೊರೆಯಲ್ಲಿ ಕೂತ ಗಾಲಿಯಂಥ ಪ್ರೋಟೀನು ತಿರುಗಿ ಎಟಿಪಿ ಎಂಬ ಅಣುವನ್ನು ಮಾಡುತ್ತದೆ. ಅಣೆಕಟ್ಟಿನ ನೀರು ಚಕ್ರ ತಿರುಗಿಸುವ ರೀತಿಯದೇ ಇದು. ಕದ್ರಾ, ಕೊಡಸಳ್ಳಿ ಅಣೆಕಟ್ಟುಗಳನ್ನು ಕಂಡ ಕಾಳಿ ಕಣಿವೆಯವರಿಗೆ ವಿವರಿಸಿ ಹೇಳಬೇಕಿಲ್ಲ. 1961ರಲ್ಲಿ ಪೀಟರ್ ಮಿಚೆಲ್ ಈ ವಿಚಾರ ಮುಂದಿಟ್ಟಾಗ ನಂಬಿದವರು ಕಡಿಮೆ. 1978ರಲ್ಲಿ ಅದಕ್ಕೆ ನೊಬೆಲ್ ಬಂತು. ಎಟಿಪಿಯನ್ನು 1929ರಲ್ಲೇ ಗುರುತಿಸಿದವರಲ್ಲಿ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಒಬ್ಬರು. ನಮ್ಮ ಪ್ರಾಣವ್ಯಾಪಾರದ ನಡುಮನೆಯಂತಿರುವ ಈ ಮೈಟೋಕಾಂಡ್ರಿಯ ಮೂಲತಃ ನಮ್ಮದಲ್ಲ. ಅದಕ್ಕೆ ಎರಡು ಪೊರೆಗಳಿವೆ, ತನ್ನದೇ ರೈಬೋಸೋಮುಗಳಿವೆ, ತನ್ನದೇ ಉಂಗುರದಾಕಾರದ ಡಿಎನ್‌ಎ ಇದೆ. ಮನುಷ್ಯನಲ್ಲಿ ಅದು 16,569 ಅಕ್ಷರಗಳ, 37 ಜೀನುಗಳ ಬರಹ. ಕೋಶ ಅದನ್ನು ಹೊಸದಾಗಿ ಮಾಡಲಾರದು, ಇದ್ದದ್ದೇ ಸೀಳಿ ಎರಡಾಗಬೇಕು. ನೂರು ಕೋಟಿ ವರ್ಷಗಳಿಗೂ ಹಿಂದೆ ಸ್ವತಂತ್ರವಾಗಿ ಬದುಕಿದ್ದ ಬ್ಯಾಕ್ಟೀರಿಯವೊಂದು ಇನ್ನೊಂದು ಕೋಶದೊಳಗೆ ಸೇರಿ ನೆಲೆಸಿದ ಕಥೆ ಇದು. 1967ರಲ್ಲಿ ಲಿನ್ ಮಾರ್ಗುಲಿಸ್ ಹೀಗೆಂದು ಬರೆದ ಲೇಖನವನ್ನು ಅದಕ್ಕೂ ಮೊದಲು ಹಲವು ಪತ್ರಿಕೆಗಳು ತಿರಸ್ಕರಿಸಿದ್ದವು; ಇಂದು ಅದು ಪಠ್ಯಪುಸ್ತಕದ ಮಾತು. ಕಾಂಡ್ಲಾ ಎಲೆಯ ಹಸಿರಿಗೂ ಇಂಥದೇ ಹುಟ್ಟು. ಬಿಸಿಲನ್ನು ಅನ್ನ ಮಾಡುವ ಕ್ಲೋರೋಪ್ಲಾಸ್ಟ್ ಕೂಡ ಒಂದು ಕಾಲದ ಹೊರಗಿನ ಜೀವಿ. ಹೊರಗಿನಿಂದ ಬಂದದ್ದು ಈಗ ಅತಿಥಿಯಾಗಿಯೂ ಉಳಿದಿಲ್ಲ. ಅದರ ಬಹುಪಾಲು ಜೀನುಗಳು ಕೋಶಕೇಂದ್ರಕ್ಕೆ ಸ್ಥಳಾಂತರಗೊಂಡಿವೆ. ಈಗ ಅದು ನಮ್ಮಿಂದ ಹೊರಗೆ ಬಾಳಲಾರದು, ಅದಿಲ್ಲದೆ ನಾವೂ ಬಾಳಲಾರೆವು. ‘ನಾನು’ ಎಂಬ ಒರೆಯೊಳಗೆ ಕೈಹಾಕಿ ಅಪ್ಪಟ ನಾನೊಂದನ್ನು ಹುಡುಕಿದರೆ, ತೀರಾ ಒಳಗೆ ಸಿಗುವುದು ಒಂದಾನೊಂದು ಕಾಲದ ಅನ್ಯ.

ಈ ಮೂರನ್ನು ಕೂಡಿಸಿದರೆ ಒರೆ ಮತ್ತು ಕತ್ತಿಯ ಚಿತ್ರ ನಿಲ್ಲುವುದಿಲ್ಲ. ಕತ್ತಿ ಒರೆಯನ್ನು ಹೊಲಿಯುವುದಿಲ್ಲ, ಒರೆ ಕತ್ತಿಯನ್ನು ಮಾಡುವುದಿಲ್ಲ. ಕೋಶದಲ್ಲಿ ಒಳಗಿನ ವ್ಯವಹಾರವೇ ಪೊರೆಯನ್ನು ಕಟ್ಟುತ್ತದೆ, ಪೊರೆ ಇರುವುದರಿಂದಲೇ ಒಳಗಿನ ವ್ಯವಹಾರ ನಡೆಯುತ್ತದೆ. ಜೀವವನ್ನು ವಸ್ತುವಿನಂತೆ ಎಣಿಸಲು ಹೊರಟವರಿಗೆ ಕೋಶ ವಿಭಜನೆ ಇನ್ನೂ ಒಂದು ಕಷ್ಟ ತಂದಿಡುತ್ತದೆ: ಬ್ಯಾಕ್ಟೀರಿಯ ಸೀಳಿ ಎರಡಾದಾಗ ಮೊದಲಿನ ಜೀವ ಯಾವುದರೊಳಗೆ ಹೋಯಿತು? ಈ ಕಷ್ಟವನ್ನು ಬಹಳ ಹಿಂದೆಯೇ ಗಂಭೀರವಾಗಿ ಎದುರಿಸಿದವರು ಜೈನ ತಾತ್ವಿಕರು. ಜೀವ ತಾನಿರುವ ದೇಹದಷ್ಟೇ ಗಾತ್ರ ತಾಳುತ್ತದೆ ಎಂದೂ, ನಿಗೋದವೆಂಬ ಒಂದೇ ಸೂಕ್ಷ್ಮ ದೇಹವನ್ನು ಅನಂತ ಜೀವಗಳು ಹಂಚಿಕೊಂಡಿರುತ್ತವೆ ಎಂದೂ ಅವರು ಹೇಳಿದರು. ಬೌದ್ಧರು ಇನ್ನೊಂದು ದಾರಿ ಹಿಡಿದು, ರಾತ್ರಿಯಿಡೀ ಉರಿದ ದೀಪದ ಜ್ವಾಲೆಯನ್ನು ತೋರಿಸಿದರು. ಮೊದಲ ಜಾವದ ಜ್ವಾಲೆಯೂ ಕೊನೆಯ ಜಾವದ್ದೂ ಒಂದೇ ಅಲ್ಲ, ಬೇರೆಯೂ ಅಲ್ಲ. ಇವರು ಯಾರೂ ಕೋಶವನ್ನು ಕಂಡಿರಲಿಲ್ಲ. ಉಪನಿಷತ್ತಿನಲ್ಲೋ ಆಗಮದಲ್ಲೋ ಮೈಟೋಕಾಂಡ್ರಿಯ ಅಡಗಿದೆ ಎಂದು ಸಾಧಿಸುವುದು ಶಾಸ್ತ್ರಕ್ಕೂ ವಿಜ್ಞಾನಕ್ಕೂ ಮಾಡುವ ಅನ್ಯಾಯ. ನಾನು ಹೇಳುವುದು ಇಷ್ಟೇ: ಅವರ ಮುಂದಿದ್ದ ಪ್ರಶ್ನೆ ನಿಜವಾದದ್ದು, ಮತ್ತು ಅದಕ್ಕೆ ಈಗ ಹೊಸ ಸಾಕ್ಷಿ ಸಿಕ್ಕಿದೆ. ಆ ಸಾಕ್ಷಿಯ ಪ್ರಕಾರ ಜೀವವೆಂಬುದು ಕಾಯ್ದ ಎಲ್ಲೆಯ ಎರಡೂ ಬದಿಗೆ ನಡೆಯುವ ಕೊಡು-ಕೊಳ್ಳುವಿಕೆ. ಒರೆಯ ಹೋಲಿಕೆಯನ್ನು ಬಿಟ್ಟು ನಾವು ಒಡ್ಡಿನ ಹೋಲಿಕೆಗೆ ಬರಬೇಕು.

ಅದ್ವೈತಿಗಳ ಆಕ್ಷೇಪ ತಕ್ಷಣ ಏಳುತ್ತದೆ, ಮತ್ತು ಅದು ಹಗುರವಾದದ್ದಲ್ಲ. ಕೋಶಗಳು ಬದಲಾಗುತ್ತವೆ, ಅನ್ಯದಿಂದ ಕೂಡಿವೆ ಎಂದು ನೀವು ತೋರಿಸಿದ್ದು ನಮ್ಮ ಮಾತನ್ನೇ, ಆತ್ಮ ಅವುಗಳಲ್ಲಿ ಯಾವುದೂ ಅಲ್ಲ, ಅವೆಲ್ಲವನ್ನೂ ಅರಿಯುವ ಸಾಕ್ಷಿ ಎನ್ನುತ್ತಾರೆ ಅವರು. ಸೂಕ್ಷ್ಮದರ್ಶಕಕ್ಕೆ ಸಾಕ್ಷಿಚೈತನ್ಯ ಕಾಣುವುದಿಲ್ಲ, ಕಾಣಲೂ ಬಾರದು ಎಂಬುದನ್ನು ನಾನು ಒಪ್ಪುತ್ತೇನೆ. ಅರಿವು ಎಂದರೇನು ಎಂಬ ಪ್ರಶ್ನೆಯನ್ನು ಜೀವಕೋಶ ಬಗೆಹರಿಸಿಲ್ಲ. ಆದರೆ ನನ್ನ ವಾದ ಸಾಕ್ಷಿಯ ಮೇಲಿನದಲ್ಲ, ಕಳಚಿ ಎಸೆಯುವ ಹೊದಿಕೆಯಾಗಿ ದೇಹವನ್ನು ನೋಡುವ ರೂಢಿಯ ಮೇಲಿನದು. ಆ ರೂಢಿಗೆ ಮೂಲ ಪಠ್ಯವೂ ಪೂರ್ತಿ ಬೆಂಬಲ ಕೊಡುವುದಿಲ್ಲ. ತೈತ್ತಿರೀಯ ಉಪನಿಷತ್ತಿನ ಬ್ರಹ್ಮಾನಂದವಲ್ಲಿ ಈ ಐದನ್ನು ಒಂದಾದ ಮೇಲೊಂದು ಹೇಳುವಾಗ ಕೋಶವೆಂಬ ಪದವನ್ನೇ ಬಳಸುವುದಿಲ್ಲ. ಅನ್ನಮಯವನ್ನು, ಪ್ರಾಣಮಯವನ್ನು ಪುರುಷ ಮತ್ತು ಆತ್ಮ ಎಂದೇ ಕರೆಯುತ್ತದೆ. ಒಳಗಿನದು ಹೊರಗಿನದನ್ನು ತುಂಬಿಕೊಂಡಿದೆ ಎನ್ನುತ್ತದೆ. ಕೋಶ ಎಂಬ ಹೆಸರು ನೆಲೆಯಾದದ್ದು ನಂತರದ ವೇದಾಂತದಲ್ಲಿ. ತುಂಬಿಕೊಂಡಿರುವುದಕ್ಕೂ ಮುಚ್ಚಿಕೊಂಡಿರುವುದಕ್ಕೂ ದೊಡ್ಡ ಅಂತರವಿದೆ. ಗದ್ದೆಯನ್ನು ನೀರು ತುಂಬುತ್ತದೆ, ಗದ್ದೆ ನೀರನ್ನು ಮುಚ್ಚಿಡುವುದಿಲ್ಲ. ಆ ಹಳೆಯ ಮಾತಿಗೆ ಹಿಂದಿರುಗಿದರೆ ಅನ್ನವನ್ನು ಗೌರವಿಸುವುದೂ ಆತ್ಮವಿಚಾರದ ಭಾಗವೇ ಆಗುತ್ತದೆ.

ಎದುರು ದಿಕ್ಕಿನಿಂದ ಇನ್ನೊಂದು ಆಕ್ಷೇಪ ಬರುತ್ತದೆ: ಎಲ್ಲವೂ ಪಂಪು, ಪ್ರೋಟೀನು, ಪ್ರೋಟಾನು ಆದ ಮೇಲೆ ಧರ್ಮದ ಮಾತೇಕೆ, ಇದು ಕೇವಲ ರಸಾಯನವಲ್ಲವೇ? ರಸಾಯನ ಹೌದು. ‘ಕೇವಲ’ ಎಂಬ ಪದಕ್ಕೆ ಮಾತ್ರ ಸಾಕ್ಷಿ ಇಲ್ಲ. 2010ರಲ್ಲಿ ಕ್ರೇಗ್ ವೆಂಟರ್ ಅವರ ತಂಡ ಒಂದು ಬ್ಯಾಕ್ಟೀರಿಯದ ಇಡೀ ಡಿಎನ್‌ಎಯನ್ನು ಪ್ರಯೋಗಾಲಯದಲ್ಲಿ ಜೋಡಿಸಿತು. ಅದ್ಭುತ ಸಾಧನೆ, ಆದರೆ ಅದಕ್ಕೆ ಜೀವ ಬಂದದ್ದು ಈಗಾಗಲೇ ಬದುಕಿದ್ದ ಇನ್ನೊಂದು ಕೋಶದೊಳಗೆ ಅದನ್ನು ಇಟ್ಟಾಗ. ಬರಹವನ್ನು ಮಾಡಬಹುದಾಯಿತು, ಅದನ್ನು ಓದುವ ನಡೆಯನ್ನು ಬದುಕಿದ್ದ ಕೋಶದಿಂದಲೇ ಪಡೆಯಬೇಕಾಯಿತು. ಕೋಶ ಕೋಶದಿಂದಲೇ ಹುಟ್ಟುತ್ತದೆ ಎಂದು 1850ರ ದಶಕದಲ್ಲಿ ರುಡಾಲ್ಫ್ ಫಿರ್ಕೊ ಸಾರಿದ್ದು ಇಂದಿಗೂ ಸುಳ್ಳಾಗಿಲ್ಲ. ನಾಳೆ ಯಾರಾದರೂ ಜಡದಿಂದಲೇ ಕೋಶವನ್ನು ಕಟ್ಟಿದರೂ ನನ್ನ ವಾದ ಕುಸಿಯುವುದಿಲ್ಲ. ವಿಜ್ಞಾನ ಮುಟ್ಟದ ಕತ್ತಲೆಯ ಮೂಲೆಯಲ್ಲಿ ದೇವರನ್ನು ಇಡುವವರಿಗೆ ಮಾತ್ರ ಆ ಭಯ. ನಾನು ಇಲ್ಲಿ ಪವಿತ್ರವೆಂದು ಕಾಣುವುದು ಬೇರೆಯದನ್ನು. 350 ಕೋಟಿ ವರ್ಷಗಳಿಗೂ ಹೆಚ್ಚು ಕಾಲ, ಒಮ್ಮೆಯೂ ಆರದೆ, ಕೋಶದಿಂದ ಕೋಶಕ್ಕೆ ಈ ದೀಪ ಹತ್ತಿಕೊಂಡು ಬಂದಿದೆ. ನಮ್ಮ ಮೈಯಲ್ಲಿರುವ ಸುಮಾರು 30 ಲಕ್ಷ ಕೋಟಿ ಕೋಶಗಳಲ್ಲಿ ಒಂದೂ ತಾನಾಗಿ ಶುರುವಾದದ್ದಲ್ಲ. ಅವುಗಳ ಜೊತೆಗೆ ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಬ್ಯಾಕ್ಟೀರಿಯಗಳೂ ನಮ್ಮಲ್ಲಿ ಬಾಳುತ್ತಿವೆ. ಪಡೆದುಕೊಂಡದ್ದು ಎಂಬ ಅರಿವು ಕೃತಜ್ಞತೆಯನ್ನು ಹುಟ್ಟಿಸದಿದ್ದರೆ ಬೇರಾವ ತಿಳಿವಳಿಕೆ ಹುಟ್ಟಿಸೀತು?

ಮೂರನೆಯ ಆಕ್ಷೇಪ ನೀತಿಯದು. ಇರುವುದರಿಂದ ಇರಬೇಕಾದದ್ದನ್ನು ಹೇಗೆ ತೆಗೆಯುತ್ತೀರಿ? ಪೊರೆ ಒಳಬಿಡುವುದಷ್ಟೇ ಅಲ್ಲ, ತಡೆಯುತ್ತದೆ ಕೂಡ. ಹಾಗಾದರೆ ಮಡಿ-ಮೈಲಿಗೆಯ ಬೇಲಿಗೂ ಊರಾಚೆಯ ಕೇರಿಗೂ ಕೋಶದಿಂದಲೇ ಸಮರ್ಥನೆ ಸಿಗುವುದಿಲ್ಲವೇ? ಮೊದಲನೆಯದಕ್ಕೆ ಉತ್ತರ: ಕೋಶ ನಮಗೆ ವಿಧಿ ಹೇಳುವುದಿಲ್ಲ. ನೀತಿಯನ್ನು ನಾವೇ ಯೋಚಿಸಿ ಕಟ್ಟಿಕೊಳ್ಳಬೇಕು. ಆದರೆ ಪ್ರಕೃತಿಯೇ ಹೀಗೆ ಹೇಳಿದೆ ಎಂದು ಯಾರಾದರೂ ಸುಳ್ಳು ಸಾಕ್ಷಿ ತಂದರೆ ಅದನ್ನು ತಳ್ಳಿಹಾಕುವ ಶಕ್ತಿ ಸತ್ಯಕ್ಕಿದೆ. ಎರಡನೆಯದಕ್ಕೆ ಉತ್ತರ ಆ ಶಕ್ತಿಯಿಂದಲೇ ಬರುತ್ತದೆ. ಪೊರೆಯ ಬಾಗಿಲು ಎದುರಿಗೆ ಬಂದ ಅಣುವಿನ ಆಕಾರವನ್ನೂ ವಿದ್ಯುದಂಶವನ್ನೂ ನೋಡುತ್ತದೆ. ಅದು ಯಾವ ಕುಲದಿಂದ ಬಂತು ಎಂದು ಕೇಳುವುದಿಲ್ಲ. ಗ್ಲೂಕೋಸು ಗಂಜಿಯಿಂದ ಬಂದರೂ ಬಾಳೆಹಣ್ಣಿನಿಂದ ಬಂದರೂ ಗ್ಲೂಕೋಸೇ. ರೋಗಾಣುವನ್ನು ದೇಹ ತಡೆಯುವುದು ಅದು ಮಾಡುವ ಹಾನಿಯಿಂದ ಉಳಿಯಲು. ಕರುಳಿನಲ್ಲಿ ಸಹಬಾಳುವ ಅನ್ಯ ಬ್ಯಾಕ್ಟೀರಿಯಗಳನ್ನು ಅದು ಸಹಿಸಿಕೊಳ್ಳುತ್ತದೆ. ಹುಟ್ಟಿನಿಂದಲೇ ಹೊರಗಿನದು ಎಂಬ ಕಾರಣಕ್ಕೆ ತಳ್ಳುವುದೇ ಜೀವದ ನಿಯಮವಾಗಿದ್ದರೆ ಮೈಟೋಕಾಂಡ್ರಿಯವಿಲ್ಲ, ಎಲೆಯ ಹಸಿರಿಲ್ಲ, ನಾವೂ ಇಲ್ಲ. ಮುಚ್ಚಿಕೊಂಡಷ್ಟೂ ಶುದ್ಧ ಎಂಬ ಮಾತಿಗೆ ಬದುಕಿರುವ ಯಾವ ಕೋಶವೂ ಸಾಕ್ಷಿ ಹೇಳುವುದಿಲ್ಲ.

ಹಾಗೆಂದು ಎಲ್ಲ ಎಲ್ಲೆಗಳನ್ನೂ ಅಳಿಸುವುದೇ ಅಧ್ಯಾತ್ಮ ಎನ್ನುವುದೂ ತಪ್ಪು. ಪೊರೆ ಕರಗಿದ ಕೋಶ ಅನಂತವನ್ನು ಸೇರುವುದಿಲ್ಲ, ಸಾಯುತ್ತದೆ. ಸಾವೂ ಕೂಡ ಕೋಶದ ಬದುಕಿಗೆ ಹೊರಗಿನದಲ್ಲ. ಗರ್ಭದಲ್ಲಿ ನಮ್ಮ ಬೆರಳುಗಳು ಬೇರೆ ಬೇರೆಯಾದದ್ದು ಅವುಗಳ ನಡುವಿನ ಕೋಶಗಳು ಕ್ರಮವಾಗಿ ಸತ್ತು ಜಾಗ ಬಿಟ್ಟಿದ್ದರಿಂದ. ಉಸಿರನ್ನು ಶಕ್ತಿಯಾಗಿಸುವ ಮೈಟೋಕಾಂಡ್ರಿಯವೇ ಎಷ್ಟೋ ಸಲ ತನ್ನೊಳಗಿನ ಸೈಟೋಕ್ರೋಮ್ ಸಿ ಎಂಬ ಪ್ರೋಟೀನನ್ನು ಹೊರಬಿಟ್ಟು ಆ ಸಾವಿಗೆ ಸೂಚನೆ ಕೊಡುತ್ತದೆ. ಹಾಗೆ ಬಿಟ್ಟುಕೊಡಲು ಒಪ್ಪದೆ, ಸುತ್ತಲಿನ ಮಾತು ಕೇಳದೆ, ತನಗಾಗಿಯೇ ಬೆಳೆಯುತ್ತ ಹೋಗುವ ಕೋಶವನ್ನು ನಾವು ಕ್ಯಾನ್ಸರ್ ಎನ್ನುತ್ತೇವೆ. ಎಲ್ಲೆಯನ್ನು ಕಾಯುವುದು, ಎಲ್ಲೆಯಾಚೆಗೆ ಕೊಡುವುದು, ಸಮಯ ಬಂದಾಗ ಎಲ್ಲೆಯನ್ನು ಬಿಡುವುದು ಎಂಬ ಮೂರೂ ಸೇರಿದರೇ ಜೀವದ ಪೂರ್ತಿ ಚಿತ್ರ.

1880ರ ದಶಕದ ಆರಂಭದಲ್ಲಿ, ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, ತರುಣ ರವೀಂದ್ರನಾಥ ಟ್ಯಾಗೋರರು ಇಲ್ಲಿಗೆ ಬಂದು ದೋಣಿಯಲ್ಲಿ ಇದೇ ಕಾಳಿಯ ಮೇಲೆ ತಿರುಗಾಡಿದರು. ಇಲ್ಲಿ ಅವರು ಬರೆದ ನಾಟಕ ‘ಪ್ರಕೃತಿರ್ ಪ್ರತಿಶೋಧ’ 1884ರಲ್ಲಿ ಪ್ರಕಟವಾಯಿತು. ಅದರ ಸನ್ಯಾಸಿ ಎಲ್ಲ ಸಂಬಂಧಗಳನ್ನು ಕತ್ತರಿಸಿಕೊಂಡು, ಗುಹೆಯೊಳಗೆ ಕೂತು, ಪ್ರಕೃತಿಯನ್ನು ಗೆದ್ದೆನೆಂದು ನಂಬಿದವನು; ಒರೆಯಿಂದ ಹೊರಬಂದ ಕತ್ತಿ ತಾನೆಂದುಕೊಂಡವನು. ಜನ ಮುಟ್ಟಲು ಒಲ್ಲದ ಅನಾಥ ಹುಡುಗಿಯೊಬ್ಬಳು ಅವನನ್ನು ಆಶ್ರಯಿಸುತ್ತಾಳೆ. ಅವಳ ಪ್ರೀತಿಗೆ ಹೆದರಿ ಅವನು ಅವಳನ್ನು ಬಿಟ್ಟು ಹೋಗುತ್ತಾನೆ. ಅನಂತವನ್ನು ಮಿತಿಯೊಳಗೇ ಕಾಣಬೇಕೆಂದು ತಿಳಿದು ಮರಳಿ ಬರುವಷ್ಟರಲ್ಲಿ ಅವಳು ಸತ್ತಿರುತ್ತಾಳೆ. ಅವನಿಗೆ ಅರಿವು ಬಂದದ್ದು ನಿಜ, ತಡವಾಗಿ ಬಂತು ಎಂಬುದೂ ಅಷ್ಟೇ ನಿಜ. ರಕ್ತ ನಿಂತ ಮಿದುಳಿನ ಕೋಶ ತನ್ನ ಎಲ್ಲೆಯನ್ನು ಕೆಲವೇ ನಿಮಿಷ ಹಿಡಿದಿಟ್ಟುಕೊಳ್ಳಬಲ್ಲದು. ಆಮೇಲೆ ರಕ್ತ ಮತ್ತೆ ಹರಿದರೂ ಅದು ಏಳದು. ಗಜನಿಯ ಬಾಗಿಲನ್ನು ಉಬ್ಬರ ಬಂದು ಹೋದ ಮೇಲೆ ಹಾಕಿದರೆ ಒಳಹೊಕ್ಕ ಉಪ್ಪನ್ನು ತಡೆದಂತಾಗುವುದಿಲ್ಲ. ಜೀವ ಒಂದು ವಸ್ತುವಾಗಿದ್ದರೆ ಎಲ್ಲಿಯೋ ಭದ್ರವಾಗಿಟ್ಟು ಬೇಕಾದಾಗ ಬಂದು ತೆಗೆದುಕೊಳ್ಳಬಹುದಿತ್ತು. ಅದು ನಡೆಯಾದ್ದರಿಂದ, ನಮ್ಮನ್ನು ನೆಚ್ಚಿ ಬಾಗಿಲಿಗೆ ಬಂದವರಿಗೆ ಏನು ಮಾಡಬೇಕೋ ಅದನ್ನು ಇವತ್ತಿನ ಉಬ್ಬರದೊಳಗೇ ಮಾಡಬೇಕು.